ಬೈಕ್ ಚೈನಿಗೆ ತುಸು ಸಡಿಲ ಇರಲಿ

ಬೈಕ್ ಓಡಿಸಲು ಕಲಿತ ಹೊಸತರಲ್ಲಿ ಎಲ್ಲರಿಗೂ ಕೈ ತುರಿಸುವುದು ಚೈನ್ ಟೈಟ್ ಮಾಡಲು. ಹೆಚ್ಚಿನವರು ಕೆಡಿಸುವುದೂ ಅದನ್ನೇ. ನಮ್ಮ ಬೀದಿಯ ಹುಡುಗನೊಬ್ಬ ಕಟಕಟ ಸದ್ದು ಬರುತ್ತಿದೆಯೆಂದು ಚೈನನ್ನು ವೀಣೆಯ ತಂತಿಯಂತೆ ಬಿಗಿದ. ಸದ್ದೇನೋ ನಿಂತಿತು, ಸ್ವಲ್ಪ ದಿನಕ್ಕೆ ಹಿಂದಿನ ಚಕ್ರದ ಬೇರಿಂಗ್ ಹೋಯಿತು.

ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ. ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಓಡುತ್ತಿರುವಾಗಲೇ ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವ ಶೂರರನ್ನು ಕಂಡಿದ್ದೇನೆ. ಬಟ್ಟೆಯ ತುದಿ ಸ್ಪ್ರಾಕೆಟ್‌ಗೆ (ಚೈನು ಕೂರುವ ಹಲ್ಲಿನ ಚಕ್ರ) ಸಿಕ್ಕರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಚೈನು ತೊಳೆಯಲು ಡೀಸೆಲ್ ಇಲ್ಲವೇ ಸೀಮೆಎಣ್ಣೆ, ಒಂದು ಹಳೆಯ ಟೂತ್‌ಬ್ರಷ್. ಪೆಟ್ರೋಲ್ ಖಂಡಿತ ಬೇಡ.

ಈಗ ಸಡಿಲ ಅಳೆಯಬೇಕು. ಎರಡು ಸ್ಪ್ರಾಕೆಟ್‌ಗಳ ನಡುವೆ, ಚೈನಿನ ಕೆಳಸಾಲಿನ ಮಧ್ಯದಲ್ಲಿ ಸ್ಕೇಲ್ ಹಿಡಿದು ಬೆರಳಿನಿಂದ ಚೈನನ್ನು ಮೇಲೆತ್ತಿ, ಕೆಳಗೊತ್ತಿ. (ಪೂರ್ತಿ ಕವರ್ ಇರುವ ಬೈಕಾದರೆ ಕವರಿನ ರಬ್ಬರ್ ಬಿರಡೆ ತೆಗೆದು ನೋಡಿ.) 100–125 ಸಿಸಿ ಬೈಕುಗಳಲ್ಲಿ ಈ ಆಟ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಇರಬೇಕು. ನಿಮ್ಮ ಬೈಕಿನ ಲೆಕ್ಕ ಕೈಪಿಡಿಯಲ್ಲಿದೆ. ಅಷ್ಟು ಸಡಿಲ ಯಾಕೆಂದರೆ, ಇಬ್ಬರು ಕೂತು ಗುಂಡಿಗೆ ಇಳಿಸಿದಾಗ ಹಿಂದಿನ ಚಕ್ರವನ್ನು ಹಿಡಿದ ಸ್ವಿಂಗ್‌ಆರ್ಮ್ ಮೇಲೇಳುತ್ತದೆ, ಚೈನು ಇನ್ನಷ್ಟು ಬಿಗಿಯುತ್ತದೆ. ಆಗ ಜಗ್ಗಲು ಜಾಗವಿಲ್ಲದಿದ್ದರೆ ಆ ಭಾರವೆಲ್ಲ ಬೇರಿಂಗಿನ ಮೇಲೆ.

ಒಂದೇ ಕಡೆ ಅಳೆದು ಏಳಬೇಡಿ. ಚೈನು ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಚಕ್ರ ತಿರುಗಿಸುತ್ತ ನಾಲ್ಕೈದು ಕಡೆ ನೋಡಿ, ಎಲ್ಲಿ ಅತಿ ಬಿಗಿಯೋ ಅಲ್ಲೇ ಲೆಕ್ಕ ಕೂರಿಸಿ.

ಲೆಕ್ಕ ಕೂರಿಸುವುದು ಹೀಗೆ: ನಟ್ ಕಳಚದಂತೆ ತೂರಿಸಿದ ಸ್ಪ್ಲಿಟ್ ಪಿನ್ ಇದ್ದರೆ ಕಿತ್ತು, ಹಿಂದಿನ ಚಕ್ರದ ಅಚ್ಚಿನ ಆಕ್ಸಲ್ ನಟ್ ಸಡಿಲಿಸಿ. ಅನೇಕ ಬೈಕುಗಳಲ್ಲಿ ಸ್ಪ್ರಾಕೆಟ್ ಕಡೆ ದಪ್ಪನೆಯ ಸ್ಲೀವ್ ನಟ್ ಬೇರೆ ಇರುತ್ತದೆ. ಅದನ್ನೂ ಸಡಿಲಿಸಲು ಮರೆತು, ಚಕ್ರವನ್ನು ಹಿಂದಕ್ಕೆ ಸರಿಸುವ ಅಡ್ಜಸ್ಟರ್ ತಿರುಗಿಸಿ, ಚಕ್ರ ಅಲುಗಲಿಲ್ಲವೆಂದು ಪೈಪ್ ಸಿಕ್ಕಿಸಿ ಬಲ ಹಾಕಿ ಥ್ರೆಡ್ ಕೆಡಿಸಿಕೊಂಡವರಿದ್ದಾರೆ. ಎರಡೂ ಕಡೆಯ ಅಡ್ಜಸ್ಟರನ್ನು ಒಂದು ಸಲಕ್ಕೆ ಕಾಲು ಸುತ್ತು, ಸಮನಾಗಿ ತಿರುಗಿಸಿ. ಪಕ್ಕದ ಗೀಟುಗಳನ್ನು ಎಣಿಸಿ: ಎಡಕ್ಕೆ ಮೂರಾದರೆ ಬಲಕ್ಕೂ ಮೂರೇ. ಒಂದು ಗೀಟು ಹೆಚ್ಚುಕಮ್ಮಿಯಾದರೂ ಚಕ್ರ ಸೊಟ್ಟಗಾಗಿ ಸ್ಪ್ರಾಕೆಟ್ ಹಲ್ಲಿನ ಒಂದು ಮಗ್ಗುಲು ಸವೆಯುತ್ತದೆ. ನಟ್ ಬಿಗಿದ ಮೇಲೆ ಮತ್ತೆ ಅಳೆಯಿರಿ. ಬಿಗಿಯುವಾಗಲೇ ಚೈನು ತುಸು ಎಳೆದುಕೊಳ್ಳುವುದುಂಟು. ಪಿನ್ ಹೊಸದನ್ನೇ ಹಾಕಿ, ಹಳೆಯದನ್ನು ನೆಟ್ಟಗೆ ಮಾಡಿ ತುರುಕುವ ಜುಗ್ಗತನ ಬೇಡ.

ಹಿಂದೆ ಡ್ರಮ್ ಬ್ರೇಕ್ ಇದ್ದರೆ ಕೆಲಸ ಮುಗಿದಿಲ್ಲ. ಚಕ್ರ ಹಿಂದೆ ಸರಿದಿದೆ, ಪೆಡಲ್‌ನಿಂದ ಬರುವ ಬ್ರೇಕ್ ರಾಡೂ ಬಿಗಿದಿದೆ. ಬ್ರೇಕ್ ಪೆಡಲ್ ಆಟ ಸರಿ ಮಾಡಿ, ಚಕ್ರ ಸಲೀಸಾಗಿ ತಿರುಗುತ್ತದೆಯೇ, ಬ್ರೇಕ್ ಲೈಟ್ ಸುಮ್ಮನೆ ಉರಿಯುತ್ತಿದೆಯೇ ನೋಡಿ.

ಎಣ್ಣೆಯ ವಿಷಯಕ್ಕೆ ನನ್ನದು ಒಂದೇ ಮಾತು: 90 ನಂಬರ್ ಗೇರ್ ಆಯಿಲ್. ಒಂದಿಷ್ಟು ಓಡಿಸಿ ಬಂದು, ಚೈನು ಬೆಚ್ಚಗಿರುವಾಗ, ಕೆಳಸಾಲಿನ ಒಳಮೈಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ. ಸುಮಾರು 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದರೆ ಅಂದೇ ಸಂಜೆ. ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುವ ಸುಟ್ಟ ಎಂಜಿನ್ ಆಯಿಲ್ ಕರಿ, ಲೋಹದ ಪುಡಿ ತುಂಬಿದ ಕೊಳೆ. ಗ್ರೀಸ್ ಮೆತ್ತಿದರೆ ಊರಿನ ಧೂಳೆಲ್ಲ ನಿಮ್ಮ ಚೈನಿಗೇ.

ಅಡ್ಜಸ್ಟರ್ ಕೊನೆಯ ಗೀಟಿಗೆ ಬಂದು ನಿಂತಿದ್ದರೆ ಇದ್ಯಾವುದೂ ಬೇಡ. ಚೈನು ಬದಲಿಸಿ, ಎರಡೂ ಸ್ಪ್ರಾಕೆಟ್ ಸಮೇತ. ‘ಒಂದು ಲಿಂಕ್ ಕತ್ತರಿಸಿ ಕೊಡ್ತೀನಿ ಸಾರ್’ ಎನ್ನುವ ಮೆಕ್ಯಾನಿಕ್‌ಗೆ ನಮಸ್ಕಾರ ಹೇಳಿ ಬನ್ನಿ.