ಹೆಚ್ಚಾದ ಹುಂಜಗಳನ್ನು ಏನು ಮಾಡುವುದು?

12 ಮೊಟ್ಟೆಗೆ ಕಾವು ಕೂರಿಸಿ 10 ಮರಿ ಎದ್ದರೆ ಅದರಲ್ಲಿ ಸುಮಾರು ಅರ್ಧ ಹುಂಜ. ಒಮ್ಮೊಮ್ಮೆ ಏಳೂ ಆಗುತ್ತದೆ. ಉದ್ದ ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ ಎಂದು ಆರಿಸಿ ಇಡುವವರು ಈಗಲೂ ಇದ್ದಾರೆ. ಮೊಟ್ಟೆಯ ಆಕಾರ ಅದನ್ನಿಟ್ಟ ಹೇಂಟೆಯ ಗುಣ, ಒಳಗಿನ ಮರಿಯದಲ್ಲ; ಆ ಆಯ್ಕೆಯಿಂದ ಏನೂ ಬದಲಾಗದು. ಹುಂಜ ಹುಟ್ಟುವುದನ್ನು ತಪ್ಪಿಸಲಾಗದು, ಐದನೇ ತಿಂಗಳಲ್ಲಿ ಗೂಡಿನಲ್ಲಿ ಏಳುವ ರಂಪವನ್ನು ತಪ್ಪಿಸಬಹುದು. ಅದಕ್ಕೆ ಲೆಕ್ಕ ಹಾಕಬೇಕಾದ್ದು ಕಾವು ಕೂರಿಸುವ ದಿನವೇ.

ಕೊಡಗಿನಲ್ಲಿ ನಾಟಿ ಹುಂಜಕ್ಕೆ ಗಿರಾಕಿ ತಾನಾಗಿ ಬರುವ ಕಾಲ ಎಲ್ಲರಿಗೂ ಗೊತ್ತಿರುವುದೇ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಮೈ ಬೆಚ್ಚಗಿರಲೆಂದು ನಾಟಿಕೋಳಿ ಬೇಕು. ಸೆಪ್ಟೆಂಬರ್‌ನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಹಂದಿಯದೇ ಮೇಲುಗೈ, ಅದನ್ನು ನಂಬಿ ಕೂರಬೇಡಿ. ನವೆಂಬರ್-ಡಿಸೆಂಬರ್‌ನಲ್ಲಿ ಸುಗ್ಗಿ ಹಬ್ಬ ಪುತ್ತರಿ. ಕುಶಾಲನಗರ, ಶನಿವಾರಸಂತೆ ಕಡೆಯವರಿಗೆ ಯುಗಾದಿ ಮರುದಿನದ ಹೊಸತೊಡಕೂ ಇದೆ. ನಾಟಿ ಹುಂಜ ಒಂದೂವರೆಯಿಂದ 2 ಕೆಜಿ ತೂಗಲು ಸುಮಾರು 6 ತಿಂಗಳು, ಕಾವಿಗೆ 21 ದಿನ. ಜನವರಿ ಎರಡನೇ ವಾರ ಕೂರಿಸಿದರೆ ಫೆಬ್ರವರಿ ಮೊದಲಿಗೆ ಮರಿ ಏಳುತ್ತದೆ, ಆಗಸ್ಟ್ 3ರ ಕಕ್ಕಡ 18ಕ್ಕೆ ಹುಂಜ ತಯಾರು. ಏಪ್ರಿಲ್ ಮೊದಲ ವಾರ ದಾಟಿದ ಮೇಲೆ ಕೂರಿಸದಿರುವುದು ಒಳ್ಳೆಯದು. ಜೂನ್ ಮಳೆ ಹಿಡಿಯುವ ಹೊತ್ತಿಗೆ ಮೈತುಂಬ ಗರಿ ಬಾರದ ಮರಿ ಒದ್ದೆ ನೆಲದಲ್ಲಿ ರಕ್ತಭೇದಿಗೆ ಸಿಕ್ಕಿ ಸಾಯುತ್ತದೆ.

ಬೇಗ ಗುರುತು ಹಿಡಿದಷ್ಟೂ ಮೇವು ಉಳಿಯುತ್ತದೆ. 6-8 ವಾರಕ್ಕೆ ಹುಂಜದ ಮರಿಯ ಜುಟ್ಟು ಹೇಂಟೆಯದಕ್ಕಿಂತ ದಪ್ಪವಾಗಿ ಕೆಂಪೇರುತ್ತದೆ, ಕಾಲೂ ದಪ್ಪ. ಆದರೆ ಜುಟ್ಟೊಂದನ್ನೇ ನಂಬಬೇಡಿ, ಕೆಲವು ಹೇಂಟೆಗಳಿಗೂ ಬೇಗ ಕೆಂಪಾಗುತ್ತದೆ. ಅನುಮಾನ ಬಂದರೆ 12 ವಾರದ ಹೊತ್ತಿಗೆ ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾಲ ಶುರುವಾಗುವ ಜಾಗದಲ್ಲಿ ಸೊಂಟದ ಮೇಲಿನ ಒಂದು ಗರಿಯನ್ನು ಬೆರಳ ಮೇಲೆ ಬಿಡಿಸಿ ನೋಡಿ. ತುದಿ ಭತ್ತದ ಎಲೆಯ ಹಾಗೆ ಚೂಪಾಗಿ, ಹೊಳಪಾಗಿ ಇಳಿಬಿದ್ದಿದ್ದರೆ ಹುಂಜ. ತುದಿ ದುಂಡಾಗಿದ್ದರೆ ಹೇಂಟೆ. ಇದು ತಪ್ಪುವುದು ಅಪರೂಪ. ಗುರುತಾದ ಕೂಡಲೇ ಹುಂಜದ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕಿ. ದಾರ ಕಟ್ಟಿದರೆ ಕಾಲು ಬೆಳೆದಂತೆ ಬಿಗಿಯುತ್ತದೆ.

ಎಷ್ಟು ಉಳಿಸಿಕೊಳ್ಳಬೇಕು? 8-10 ಹೇಂಟೆಗೆ ಒಂದು ಹುಂಜ. ಬರೀ ತಿನ್ನುವ ಮೊಟ್ಟೆ ಸಾಕಾದರೆ ಒಂದೂ ಬೇಡ, ಹುಂಜ ಇಲ್ಲದೆಯೂ ಹೇಂಟೆ ಅಷ್ಟೇ ಮೊಟ್ಟೆ ಇಡುತ್ತದೆ. ಹುಂಜ ಹೆಚ್ಚಾಗಿದೆ ಎಂಬುದನ್ನು ಹೇಂಟೆಯ ಬೆನ್ನೇ ಹೇಳುತ್ತದೆ: ಮೊದಲು ಗರಿ ಮುರಿಯುತ್ತದೆ, ಆಮೇಲೆ ಬೋಳಾಗುತ್ತದೆ, ಕೊನೆಗೆ ರೆಕ್ಕೆಯ ಕೆಳಗೆ ಉಗುರಿನ ಗಾಯ. ಗಿರಿರಾಜದಂಥ ಭಾರದ ಹುಂಜವನ್ನು ಸಣ್ಣ ನಾಟಿ ಹೇಂಟೆಗಳ ಜೊತೆ ಬಿಟ್ಟರೆ ಇದು ಇನ್ನೂ ಬೇಗ.

ಉಳಿಸಿಕೊಳ್ಳುವುದನ್ನು ಆರಿಸುವಾಗ ಬಣ್ಣಕ್ಕೆ ಮರುಳಾಗುವವರೇ ಜಾಸ್ತಿ. ನೋಡಬೇಕಾದ್ದು ನಡತೆ. ಒಂದು ಹಿಡಿ ನುಚ್ಚು ಎಸೆದು ದೂರ ನಿಲ್ಲಿ. ತಾನು ತಿನ್ನದೆ ‘ಕುಟ್ ಕುಟ್’ ಎಂದು ಹೇಂಟೆಗಳನ್ನು ಕರೆಯುವುದು, ಗಿಡುಗ ಕಂಡಾಗ ಮೊದಲು ಕೂಗು ಹಾಕುವುದು, ನೇರ ಕಾಲಿನದು, ಚೆನ್ನಾಗಿ ಮೊಟ್ಟೆ ಇಡುವ ತಾಯಿಯದು ಉಳಿಯಲಿ. ಜೊತೆಗೆ ಎರಡನೇ ಸ್ಥಾನದ್ದೊಂದು. ತೋಟದ ಅಂಚಿನ ಮನೆಯಲ್ಲಿ ಕಾಡುಬೆಕ್ಕಿಗೋ ನರಿಗೋ ಮೊದಲು ಸಿಗುವುದು ಎದುರು ನಿಲ್ಲುವ ಹುಂಜವೇ.

ಉಳಿದವನ್ನು 12-14 ವಾರಕ್ಕೆ ಬೇರೆ ಮಾಡಿ. ಹೇಂಟೆ ಕಣ್ಣಿಗೆ ಬೀಳದಿದ್ದರೆ ಒಟ್ಟಿಗೆ ಬೆಳೆದ ಹುಂಜಗಳು ಸಾಮಾನ್ಯವಾಗಿ ಹೊಂದಿಕೊಂಡು ಇರುತ್ತವೆ. ಗೂಡನ್ನು ಮನೆಯ ಇನ್ನೊಂದು ಬದಿಗೆ ಕಟ್ಟಿ, ಇಲ್ಲವೇ ನಡುವೆ ತಗಡು ಮರೆ ಮಾಡಿ. ಒಂದಕ್ಕೆ ಒಳಗೆ 4 ಚದರ ಅಡಿ, ಹೊರಗೆ ಓಡಾಡಲು ಕನಿಷ್ಠ 10 ಚದರ ಅಡಿ, ಕೂರುವ ಕೋಲು ತಲೆಗೆ ಒಂದಡಿ. ಬಲೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಆಗಿರಲಿ, ಬುಡದಲ್ಲಿ ಒಂದಡಿ ಮಣ್ಣೊಳಗೆ ಹೂತಿರಲಿ, ಮುಂಗುಸಿ ತೋಡಿಕೊಂಡೇ ಬರುವುದು. ನೆಲಕ್ಕೆ 3-4 ಇಂಚು ಭತ್ತದ ಹೊಟ್ಟು. ಮಳೆಗಾಲದಲ್ಲಿ ಮಳೆ ಬೀಸುವ ಕಡೆಗೆ ಟಾರ್ಪಾಲು ಕಟ್ಟಿ, ಆದರೆ ಮೇಲೆ ಒಂದಡಿ ಗಾಳಿಗೆ ಬಿಡಿ. ಪೂರ್ತಿ ಮುಚ್ಚಿದ ಗೂಡಿನಲ್ಲಿ ಹಿಕ್ಕೆಯ ಘಾಟು ತುಂಬಿ ಹುಂಜಗಳಿಗೆ ಕಣ್ಣಲ್ಲಿ ನೀರು, ಮೂಗಿನಲ್ಲಿ ಸಿಂಬಳ ಶುರುವಾಗುತ್ತದೆ.

ಇಲ್ಲಿ ಎಡವಟ್ಟಾಗುವುದು ಮೂರು ಕಡೆ. ಒಂದೇ ಮೇವಿನ ತಟ್ಟೆ ಇಟ್ಟರೆ ಬಲವಾದದ್ದು ಕಾವಲು ಕೂರುತ್ತದೆ. ಐದು ಹುಂಜಕ್ಕೆ ಎರಡು ತಟ್ಟೆ, ಎರಡು ನೀರಿನ ಪಾತ್ರೆ, ಎದುರುಬದುರು ಮೂಲೆಯಲ್ಲಿ ಇಡಿ. ನಡುವೆ ಒಂದೆರಡು ಹಲಗೆ ಒರಗಿಸಿಟ್ಟರೆ ಸೋತದ್ದಕ್ಕೆ ಅವಿತುಕೊಳ್ಳಲು ಜಾಗ. ಎರಡನೆಯದು, ಒಂದನ್ನು ಹೊರಗೆ ತೆಗೆದು ವಾರ ಕಳೆದು ವಾಪಸ್ ಬಿಡುವುದು; ಅಷ್ಟರಲ್ಲಿ ಅದು ಪರಕೀಯ, ರಕ್ತ ಬರುವವರೆಗೆ ಬಿಡುವುದಿಲ್ಲ. ಮೂರನೆಯದು ಲೇಯರ್ ಫೀಡ್. ಮೊಟ್ಟೆ ಇಡುವ ಕೋಳಿಗೆಂದು ಅದರಲ್ಲಿ ಸುಣ್ಣದ ಅಂಶ ಹೆಚ್ಚು, ತಿಂಗಳುಗಟ್ಟಲೆ ತಿಂದರೆ ಹುಂಜದ ಮೂತ್ರಪಿಂಡ ಕೆಡುತ್ತದೆ. ಬೆಳೆಯುವ ಕೋಳಿಗೆಂದಿರುವ ಗ್ರೋವರ್ ಫೀಡ್ ಜೊತೆ ನುಚ್ಚು, ಮುಸುಕಿನ ಜೋಳ ಕೊಡಿ.

ಒಂದು ಹುಂಜ ದಿನಕ್ಕೆ ಸುಮಾರು 100 ಗ್ರಾಂ ತಿನ್ನುತ್ತದೆ. ಆರು ಹುಂಜವನ್ನು ‘ನೋಡೋಣ’ ಎಂದು ಒಂದು ತಿಂಗಳು ಹೆಚ್ಚಿಗೆ ಇಟ್ಟುಕೊಂಡರೆ 18 ಕೆಜಿ ಮೇವು. 6 ತಿಂಗಳಾದ ಮೇಲೆ ತೂಕ ಏರುವುದೂ ನಿಧಾನ.

ಇನ್ನು ಸಾಗಹಾಕುವ ದಾರಿಗಳು. ಎಲ್ಲಕ್ಕಿಂತ ಒಳ್ಳೆಯದು ಬದಲಿ ಮಾಡಿಕೊಳ್ಳುವುದು. ಮನೆಯ ಹುಂಜವನ್ನೇ ಅದರ ತಾಯಿ, ಅಕ್ಕತಂಗಿಯರ ಜೊತೆ ಉಳಿಸಿಕೊಂಡರೆ ಒಂದೆರಡು ತಲೆಮಾರಿನಲ್ಲೇ ಮರಿ ಏಳುವುದು ಕಡಿಮೆಯಾಗಿ, ಎದ್ದವೂ ಸೊರಗುತ್ತವೆ. ಎರಡು ವರ್ಷಕ್ಕೊಮ್ಮೆ ಬೇರೆ ಊರಿನವರ ಹುಂಜದೊಂದಿಗೆ ಬದಲಿಸಿ. ಬಂದ ಹುಂಜವನ್ನು 21 ದಿನ ಬೇರೆ ಗೂಡಿನಲ್ಲಿ, ಬೇರೆ ಪಾತ್ರೆಯಲ್ಲಿ ಸಾಕಿ. ಮನೆಯ ಕೋಳಿಗಳಿಗೆ ಮೇವು ಹಾಕಿದ ಮೇಲೆಯೇ ಅದರ ಹತ್ತಿರ ಹೋಗಿ. ರೆಕ್ಕೆ ಎತ್ತಿ ಹೇನು ನೋಡಿ, ಕಾಲಿನ ಪೊರೆ ಎದ್ದು ಒರಟಾಗಿದೆಯೇ ನೋಡಿ. ಸೇರಿಸುವುದು ರಾತ್ರಿ, ಹೇಂಟೆಗಳು ಕೋಲಿನ ಮೇಲೆ ಕೂತ ಮೇಲೆ. ಹಳೆಯ ಹುಂಜ ಹೋದ ಮೇಲೂ ಎರಡು ವಾರ, ಕೆಲವೊಮ್ಮೆ ಮೂರು, ಅದರ ಬೀಜದ ಮೊಟ್ಟೆಯೇ ಬರುತ್ತಿರುತ್ತದೆ. ಹೊಸ ತಳಿ ಬೇಕಿದ್ದರೆ ಅಲ್ಲಿಯವರೆಗೆ ಕಾವಿಗೆ ಇಡಬೇಡಿ.

ಸಂತೆಗೆ ಒಯ್ಯುವುದಾದರೆ ಮನೆಯಲ್ಲೇ ತೂಗಿಕೊಂಡು ಹೋಗಿ, ಕಣ್ಣಳತೆಯಲ್ಲಿ ಕೊಟ್ಟರೆ ನಷ್ಟ ನಿಮಗೇ. ಬಟ್ಟೆ ಚೀಲದಲ್ಲಿ ತಲೆ ಹೊರಗೆ ಬಿಟ್ಟು ತೂಗುತಕ್ಕಡಿಗೆ ಸಿಕ್ಕಿಸಿದರೆ ಸಾಕು. ಕೊರಳ ಚೀಲ ತುಂಬ ಜೋಳ ತಿನ್ನಿಸಿ ತೂಕ ಏರಿಸುವ ಉಪಾಯ ವ್ಯಾಪಾರಿಗೆ ನಿಮಗಿಂತ ಮೊದಲೇ ಗೊತ್ತು, ಅವನು ಮೊದಲು ಕೈ ಹಾಕುವುದೇ ಅಲ್ಲಿಗೆ. ಮಾರಾಟವಾಗದೆ ಸಂತೆಯಿಂದ ವಾಪಸ್ ಬಂದ ಹುಂಜಕ್ಕೂ 21 ದಿನದ ನಿಯಮವೇ. ಕೊಕ್ಕರೆ ರೋಗ (ರಾಣಿಖೇತ್) ಮನೆಗೆ ಬರುವ ಸಲೀಸಾದ ದಾರಿ ಇದು. ಆ ರೋಗಕ್ಕೆ ಮೊದಲ ವಾರದ ಹನಿ ಲಸಿಕೆ, 8ನೇ ವಾರದ ಆರ್2ಬಿ ಚುಚ್ಚುಮದ್ದು ಹಾಕಿದ ದಿನಾಂಕ ಬರೆದಿಟ್ಟಿದ್ದರೆ ಸಾಕಲು ಒಯ್ಯುವವರು ನಂಬಿ ಒಯ್ಯುತ್ತಾರೆ. ನಿಮ್ಮಲ್ಲಿ ಒಂದು ಕೋಳಿ ತೂಕಡಿಸುತ್ತಿದ್ದರೂ ಆ ವಾರ ಯಾವುದನ್ನೂ ಹೊರಗೆ ಕೊಡಬೇಡಿ. ಕೇರಳದಲ್ಲಿ ಹಕ್ಕಿಜ್ವರದ ಸುದ್ದಿ ಇದ್ದಾಗ ಮಾಕುಟ್ಟ, ಕುಟ್ಟ ಚೆಕ್‌ಪೋಸ್ಟ್ ದಾಟಿಸುವ ಯೋಚನೆಯೇ ಬೇಡ.

ತೂಕ ಕೇಳದೆ ಕಾಲಿನ ಮುಳ್ಳು ಸವರಿ ನೋಡುವ, ಇನ್ನೊಂದು ಹುಂಜದ ಎದುರು ಹಿಡಿದು ತೋರಿಸಿ ಎನ್ನುವ ಗಿರಾಕಿ ಬಂದರೆ ಅದು ಕೋಳಿ ಅಂಕಕ್ಕೆ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ; ಎಷ್ಟು ಕೊಟ್ಟರೂ ಬೇಡ ಎನ್ನಿ. ಮನುಷ್ಯರ ಮೇಲೆ ಏರಿ ಬರುವ ಹುಂಜವನ್ನೂ ಸಾಕಲೆಂದು ಯಾರಿಗೂ ದಾಟಿಸಬೇಡಿ, ಮಕ್ಕಳ ಮುಖದ ಎತ್ತರಕ್ಕೆ ಹಾರುತ್ತದೆ. ಕಾಡಂಚಿನಲ್ಲಿ ಬಿಟ್ಟು ಬರುವುದಂತೂ ಬಿಡುಗಡೆಯಲ್ಲ, ಒಂದು ರಾತ್ರಿಯ ಮಾತು.

ಹಿಡಿಯುವುದು ಕತ್ತಲಾದ ಮೇಲೆ. ಟಾರ್ಚ್ ನೆಲಕ್ಕೆ ತೋರಿಸಿ, ಎರಡೂ ಕೈಯಿಂದ ರೆಕ್ಕೆ ಮೈಗೊತ್ತಿ ಎತ್ತಿದರೆ ಸದ್ದಿಲ್ಲ. ಬೈಕಿನ ಹ್ಯಾಂಡಲ್‌ಗೆ ತಲೆಕೆಳಗಾಗಿ ನೇತುಹಾಕಿದರೆ ಕರುಳಿನ ಭಾರ ಎದೆಗೆ ಒತ್ತಿ ಉಸಿರು ಕಟ್ಟುತ್ತದೆ. ಬಿದಿರು ಬುಟ್ಟಿ ಅಥವಾ ತೂತು ಮಾಡಿದ ರಟ್ಟಿನ ಡಬ್ಬ, ಒಂದಕ್ಕೆ ಒಂದೇ ಹುಂಜ, ಬೆಳಗಿನ ತಂಪಿನಲ್ಲಿ.

ಅಡುಗೆಗೇ ಆದರೆ ಹಿಂದಿನ ರಾತ್ರಿಯಿಂದ ಮೇವು ನಿಲ್ಲಿಸಿ, ನೀರು ಇರಲಿ. ಕರುಳು ಖಾಲಿಯಿದ್ದರೆ ಸ್ವಚ್ಛ ಮಾಡುವುದು ಸುಲಭ. ಔಷಧಿ ಕೊಟ್ಟಿದ್ದರೆ ಪ್ಯಾಕೆಟ್ ಮೇಲೆ ಬರೆದಷ್ಟು ದಿನ ಕಳೆಯಲಿ. ಗರಿ ಬಿಡಿಸಲು ಕುದಿಯುವ ನೀರು ಬೇಡ, ಚರ್ಮವೇ ಕಿತ್ತು ಬರುತ್ತದೆ. 60-65 ಡಿಗ್ರಿ ಬಿಸಿಯಲ್ಲಿ ಮುಕ್ಕಾಲು ನಿಮಿಷ ಅದ್ದಿ. ಆರು ತಿಂಗಳಿನದು ನೂಪುಟ್ಟಿನ (ಒತ್ತು ಶಾವಿಗೆ) ಜೊತೆಗಿನ ಸಾರಿಗೆ ಹಾಗೇ ಆದೀತು. ವರ್ಷ ದಾಟಿದ ಹುಂಜದ ಮಾಂಸವನ್ನು ಒಂದು ದಿನ ಫ್ರಿಜ್‌ನಲ್ಲಿಟ್ಟು, ಆಮೇಲೆ ಕುಕ್ಕರ್‌ಗೆ ಹಾಕಿ. ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕುವುದು ಬೆಂದ ಮೇಲೆ.