ಎಮ್ಮೆಯ ಗಂಟಲಲ್ಲಿ ದಂಟು ಸಿಕ್ಕಿರಲಿಲ್ಲ

"ಸರ, ಎಮ್ಮಿ ಗಂಟಲ್ದಾಗ ದಂಟು ಸಿಕ್ಕೈತ್ರಿ, ಲಗೂನ ಬರ್ರಿ" ಎಂದು ದನದ ಡಾಕ್ಟರಾದ ನನಗೆ ಫೋನ್ ಬಂತು. ಕೊಪ್ಪಳದ ಕಡೆ ತೋಳ, ನರಿ ಓಡಾಡುವ ಕುರುಚಲು ಗುಡ್ಡದ ಬುಡದ ಊರು. ನಾನು ಮುಟ್ಟುವಷ್ಟರಲ್ಲಿ ಯಜಮಾನರು ಎಮ್ಮೆಯ ಬಾಯೊಳಗೆ ಮೊಳಕೈವರೆಗೆ ಕೈ ಹಾಕಿ ಹುಡುಕಿ ಆಗಿತ್ತು. ಎಮ್ಮೆ ಒಡೆದ ದನಿಯಲ್ಲಿ ಒಂದೇ ಸಮ ಒದರುತ್ತಿತ್ತು. ಜೊಲ್ಲು ನೂಲಿನಂತೆ ನೆಲದವರೆಗೆ ಇಳಿದಿತ್ತು. ಬಕೆಟ್ ನೀರಿಗೆ ಮೂತಿ ಅದ್ದುತ್ತಿತ್ತು, ಒಂದು ಗುಟುಕೂ ಇಳಿಯುತ್ತಿರಲಿಲ್ಲ.

ನಾನು ಬಾಯಿ ಮುಟ್ಟಲಿಲ್ಲ. "ಇದಕ್ಕ ಏನಾರ ಕಡಿದಿತ್ತೇನ್ರಿ?" ಎಂದೆ. ಯಜಮಾನರು ಇಲ್ಲವೆಂದರು. ಅವರ ತಾಯಿಗೆ ನೆನಪಾಯಿತು: ಶೀಗಿ ಹುಣ್ಣಿಮೆಯ ಹೊತ್ತಿಗೆ ಹಾಡಹಗಲೇ ನರಿಯೊಂದು ಹೊಲಕ್ಕೆ ನುಗ್ಗಿ, ಕಟ್ಟಿದ ಎಮ್ಮೆಯ ಮೂತಿ ಕಡಿದಿತ್ತು. ಅರಿಸಿನ ಹಚ್ಚಿದ್ದರು. ಗಾಯ ಮಾದಿತ್ತು, ತಿಂಗಳು ಕಳೆದು ವಿಷಯವೂ ಮರೆತುಹೋಗಿತ್ತು.

ಜನರನ್ನು ಕಂಡರೆ ಓಡುವ ನರಿ ಮೇಲೆರಗಿ ಬಂದರೆ ನಾನು ರೇಬೀಸ್ ಎಂದೇ ಹಿಡಿಯುತ್ತೇನೆ. ವೈರಸ್ ನರದ ಗುಂಟ ಮಿದುಳು ಸೇರಲು ವಾರಗಳು, ತಿಂಗಳುಗಳೇ ಹಿಡಿಯುತ್ತವೆ. ಸೇರಿದ ಮೇಲೆ ಗಂಟಲು ಸೋತು ದನಕ್ಕೆ ನುಂಗಲಾಗುವುದಿಲ್ಲ. ನೋಡಿದವರಿಗೆ ಏನೋ ಸಿಕ್ಕಿದೆ ಅನಿಸುತ್ತದೆ, ಕೈ ಹಾಕುತ್ತಾರೆ. ವೈರಸ್ ಇರುವುದು ಆ ಜೊಲ್ಲಿನಲ್ಲೇ.

ಯಜಮಾನರ ಬೆರಳ ಗೆಣ್ಣಿನ ಮೇಲೆ ಹಲ್ಲು ತಾಗಿ ಚರ್ಮ ಕಿತ್ತಿತ್ತು. ಬಟ್ಟೆ ಸೋಪು ತರಿಸಿ, ನಲ್ಲಿಯ ಕೆಳಗೆ ಗಡಿಯಾರ ನೋಡಿ 15 ನಿಮಿಷ ತೊಳೆಸಿದೆ. ಐದು ನಿಮಿಷಕ್ಕೇ "ಸಾಕಲ್ರಿ" ಎಂದರು, ಬಿಡಲಿಲ್ಲ. ಎಕ್ಕೆ ಹಾಲು ಹಚ್ಚಲು ಬಂದವರನ್ನೂ ತಡೆದೆ. ನನ್ನ ಬೈಕಿನಲ್ಲೇ ಆಸ್ಪತ್ರೆಗೆ ಕರೆದೊಯ್ದೆ. ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಸೂಜಿ), ತೋಳಿಗೆ ಲಸಿಕೆ. ಅಂದಿನಿಂದ ಎಣಿಸಿ 3, 7, 28ನೇ ದಿನ ಮತ್ತೆ. ಮನೆಯವರು ಹಾಲು ಕಾಸಿಯೇ ಕುಡಿದಿದ್ದರು, ಹಾಗಾಗಿ ಅದರ ಹೆದರಿಕೆ ಇರಲಿಲ್ಲ.

ಮೂರನೆಯ ದಿನ ಎಮ್ಮೆ ಸತ್ತಿತು. ನಾನು ಮೊದಲೇ ಮುಂಜಾಗ್ರತೆಯ ಲಸಿಕೆ ಹಾಕಿಸಿಕೊಂಡವನು. ಆದರೂ ಎರಡೆರಡು ಕೈಗವಸು, ಕಣ್ಣಿಗೆ ಕನ್ನಡಕ, ಮುಖಕ್ಕೆ ಮಾಸ್ಕ್ ಹಾಕಿಕೊಂಡೆ. ತಲೆಬುರುಡೆ ಒಡೆಯದೆ, ಕತ್ತಿನ ಹಿಂದಿನ ರಂಧ್ರದಿಂದ ಪ್ಲಾಸ್ಟಿಕ್ ನಳಿಕೆ ತೂರಿಸಿ ಮಿದುಳಿನ ತುಣುಕು ತೆಗೆದು, ಐಸಿನಲ್ಲಿಟ್ಟು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಕಳಿಸಿದೆ. ರೇಬೀಸ್ ಎಂದೇ ಉತ್ತರ ಬಂತು. ಹೆಣವನ್ನು ಗುಡ್ಡಕ್ಕೆ ಎಸೆಯುವುದು ಅಲ್ಲಿನ ರೂಢಿ. ನಾಯಿ, ನರಿ, ತೋಳ ಎಲ್ಲವೂ ಬಾಯಿ ಹಾಕುತ್ತವೆಂದು ಆಳದ ಗುಂಡಿ ತೋಡಿಸಿ, ಸುಣ್ಣ ಸುರಿದು ಹೂಳಿಸಿದೆ.

28ನೇ ದಿನದ ಸೂಜಿಗೆ ಯಜಮಾನರು ತಾವೇ ಬಸ್ಸಿಗೆ ಹೋಗಿ ಬಂದು ಚೀಟಿ ತೋರಿಸಿದರು. ಅಂದು ಸಂಜೆ ಪಕ್ಕದ ಕುರಿಹಟ್ಟಿಯ ನಾಯಿಗಳಿಗೆ ಲಸಿಕೆ ಹಾಕುವಾಗ, ಒಂದೊಂದನ್ನೂ ಹಿಡಿದುಕೊಟ್ಟವರು ಅವರೇ.