ಅಮೆರಿಕದ ಕಾಲೇಜು ಕ್ರೀಡೆ: ಟಿವಿ ಹಣದ ಲೆಕ್ಕ ಓದುವುದು ಹೇಗೆ?

‘ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಹೆಚ್ಚು!’ ವಿಶ್ವವಿದ್ಯಾಲಯಗಳ ಕೂಟವಾದ ಬಿಗ್ ಟೆನ್ ಕಾನ್ಫರೆನ್ಸಿನ ಪ್ರಸಾರ ಒಪ್ಪಂದ 2022ರಲ್ಲಿ ಸುದ್ದಿಯಾದದ್ದು ಹೀಗೆ. ಇಂಥ ಮೊತ್ತ ಕಂಡರೆ ಬೆರಗಾಗುವ ಮೊದಲು ಪಾಲು ಯಾರಿಗೆಷ್ಟು, ಎಲ್ಲಿಯವರೆಗೆ ಎಂದು ನೋಡಬೇಕು.

ಮೊದಲು, ಮಾರುವವರು ಯಾರು? 1984ರವರೆಗೆ ಕಾಲೇಜು ಫುಟ್‌ಬಾಲ್ ಪ್ರಸಾರ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಹಿಡಿತದಲ್ಲಿತ್ತು. ಸುಪ್ರೀಂ ಕೋರ್ಟ್ ಆ ಹಿಡಿತ ತಪ್ಪಿಸಿತು. ಈಗ ಇಂಥ ಕಾನ್ಫರೆನ್ಸ್‌ಗಳೇ ವಾಹಿನಿಗಳೊಂದಿಗೆ ಚೌಕಾಸಿ ಮಾಡುತ್ತವೆ. (ಬಿಗ್ ಟೆನ್‌ನಲ್ಲಿ ಈಗಿರುವುದು 18 ಸದಸ್ಯರು. ಹೆಸರು ನಂಬಿ ಲೆಕ್ಕ ಹಾಕಬೇಡಿ.)

ಎರಡನೆಯದು ಹಂಚಿಕೆಯ ಸೂತ್ರ. ಜಗಳವೆಲ್ಲ ಇಲ್ಲೇ. ಸಮಪಾಲಿನ ಹಳೆಯ ಪದ್ಧತಿ ಸಡಿಲವಾಗುತ್ತಿದೆ. ‘ನಮ್ಮ ಪಂದ್ಯ ನೋಡುವವರು ಹೆಚ್ಚು, ಪಾಲು ಮಾತ್ರ ಎಲ್ಲರಷ್ಟೇ ಏಕೆ?’ ಎಂಬ ಅಸಮಾಧಾನದಲ್ಲಿ ಫ್ಲಾರಿಡಾ ಸ್ಟೇಟ್ ಮತ್ತು ಕ್ಲೆಮ್ಸನ್ ವಿಶ್ವವಿದ್ಯಾಲಯಗಳು ತಮ್ಮದೇ ಎಸಿಸಿ ಕಾನ್ಫರೆನ್ಸಿನ ವಿರುದ್ಧ ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ರಾಜಿಯಾಯಿತು: ಟಿವಿ ಹಣದಲ್ಲಿ ಶೇ 60ರಷ್ಟು ವೀಕ್ಷಕರ ಸಂಖ್ಯೆಯ ಮೇಲೆ, ಶೇ 40ರಷ್ಟು ಸಮವಾಗಿ. ಇದೇ ಎಸಿಸಿಗೆ 2024ರಲ್ಲಿ ಸೇರಿದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ ಒಂಬತ್ತು ವರ್ಷ ಟಿವಿ ಪಾಲೇ ಬೇಡವೆಂದು ಒಪ್ಪಿಕೊಂಡಿದೆ. ಬಡಿಸದಿದ್ದರೂ ಸರಿ, ಪಂಕ್ತಿಯಲ್ಲಿ ಕೂರಿಸಿ ಎಂದಂತೆ! ಶ್ರೀಮಂತ ದಾನಿಗಳ ಬೆಂಬಲ ಇಲ್ಲದವರಿಗೆ ಈ ಧೈರ್ಯ ಬರುವುದಿಲ್ಲ.

ಖರ್ಚಿನ ಕಡೆಯೂ ಒಮ್ಮೆ ಕಣ್ಣಾಡಿಸಿ. ಕ್ರೀಡಾಪಟುಗಳು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಮೊಕದ್ದಮೆಯ ಇತ್ಯರ್ಥದಂತೆ 2025ರ ಜುಲೈ 1ರಿಂದ ವಿಶ್ವವಿದ್ಯಾಲಯಗಳು ಕ್ರೀಡಾಪಟುಗಳಿಗೆ ನೇರವಾಗಿ ಹಣ ಕೊಡಬಹುದು. ಒಂದೊಂದು ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಹಣದ ಹಸಿವು ಹೆಚ್ಚಿರುವುದಕ್ಕೆ ಇದೂ ಕಾರಣ.

ಕೊನೆಗೆ ಅವಧಿ ನೋಡಿ. ಮುಂದಿನ ಒಪ್ಪಂದ ಕುದುರದೆ ಪ್ಯಾಕ್-12 ಎಂಬ ಇನ್ನೊಂದು ಕಾನ್ಫರೆನ್ಸ್ ತತ್ತರಿಸಿತು. ಹನ್ನೆರಡರಲ್ಲಿ ಹತ್ತು ಸದಸ್ಯರು ಹೊರನಡೆದು ಆರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಮಾತ್ರ ಉಳಿದವು. ಅವಧಿ ದೀರ್ಘವಾಗಿದ್ದರೆ ಕ್ಷೇಮ ಎನ್ನುವಂತೆಯೂ ಇಲ್ಲ. ಎಸಿಸಿಗೆ ಇಎಸ್‌ಪಿಎನ್ ಜೊತೆ 2036ರವರೆಗೆ ಒಪ್ಪಂದವಿದೆ, ನಿಜ. ಆದರೆ ಬಿಟ್ಟುಹೋಗುವವರು ಕಟ್ಟಬೇಕಾದ ಶುಲ್ಕ ವರ್ಷವರ್ಷ ಇಳಿದು 2030ರ ಹೊತ್ತಿಗೆ 7.5 ಕೋಟಿ ಡಾಲರ್‌ಗೆ ಬರುತ್ತದೆ. ಬಿಗ್ ಟೆನ್‌ನ ಈಗಿನ ಒಪ್ಪಂದ ಮುಗಿಯುವುದೂ ಅದೇ ವರ್ಷ. ಮುಂದಿನ ವಲಸೆಯ ಸುದ್ದಿ ಅದರ ಆಸುಪಾಸಿನಲ್ಲೇ ಬಂದರೆ ಆಶ್ಚರ್ಯಪಡಬೇಕಿಲ್ಲ.